ಹೊಸಬರಿಗೆ ಮಾರ್ಗದರ್ಶಿ: ರಟ್ಲೆಂಡಿಗೆ ಹೋಗುವ ಮುನ್ನ

ಲೆಸ್ಟರಿಗೆ ಬಂದಿಳಿದವರು ಮೊದಲ ರಜೆಗೇ ಲಂಡನ್ನಿಗೆ ಓಡುತ್ತಾರೆ. ಹೋಗಿ ಬನ್ನಿ. ಆದರೆ ರೈಲಿನಲ್ಲಿ ಅರ್ಧ ಗಂಟೆಯ ದೂರದ ರಟ್ಲೆಂಡ್ ನೋಡದೆ ವರ್ಷಗಟ್ಟಲೆ ಇಲ್ಲೇ ಇರುವುದು ಸರಿಯಲ್ಲ. ಇಂಗ್ಲೆಂಡಿನ ಅತಿ ಚಿಕ್ಕ ಹಳೆಯ ಕೌಂಟಿ (ನಮ್ಮ ಜಿಲ್ಲೆಯಿದ್ದಂತೆ) ಅದು. ಗೋಧಿ, ಬಾರ್ಲಿ, ಕುರಿಗಳ ಸೀಮೆ. 1974ರಲ್ಲಿ ಅದನ್ನು ಲೆಸ್ಟರ್‌ಶೈರಿಗೆ ಸೇರಿಸಿದರು. ಅಲ್ಲಿಯ ಜನ ಒಪ್ಪಿಕೊಳ್ಳಲಿಲ್ಲ. 1997ರಲ್ಲಿ ತಮ್ಮ ಆಡಳಿತ ಮರಳಿ ಪಡೆದರು. ಏಕೀಕರಣದ ಕಥೆ ಕೇಳಿ ಬೆಳೆದ ನಮಗೆ ಆ ಹಟ ಅರ್ಥವಾಗುತ್ತದೆ.

ರಟ್ಲೆಂಡಿನ ಮುಖ್ಯ ಊರು ಓಕಮ್. ಅಲ್ಲಿಯ ಕೋಟೆಯಲ್ಲಿ 12ನೇ ಶತಮಾನದ ಸಭಾಂಗಣವಿದೆ. ಊರಿಗೆ ಮೊದಲ ಸಲ ಬರುವ ರಾಜಮನೆತನದವರು, ಪ್ರಭುಗಳು ಲಾಳ ಕೊಡುವ ಪದ್ಧತಿ. ಗೋಡೆ ತುಂಬ 200ಕ್ಕೂ ಹೆಚ್ಚು ಲಾಳಗಳು, ಎಲ್ಲವೂ ಬಾಯಿ ಕೆಳಗಾಗಿ. ಸೈತಾನ ಅದರಲ್ಲಿ ಕೂರಬಾರದೆಂದು. ಹೊಸ್ತಿಲಿಗೆ ಲಾಳ ಹೊಡೆದ ನಮ್ಮ ಹಿರಿಯರ ವಿಷಯ ಮಕ್ಕಳಿಗೆ ಅಲ್ಲೇ ಹೇಳಿ.

ರಟ್ಲೆಂಡ್ ವಾಟರ್ ಸಹಜ ಸರೋವರವಲ್ಲ. 1970ರ ದಶಕದಲ್ಲಿ ಗ್ವಾಶ್ ಹೊಳೆಗೆ ಕಟ್ಟೆ ಹಾಕಿದಾಗ ನೆದರ್ ಹ್ಯಾಂಬಲ್ಟನ್ ಎಂಬ ಹಳ್ಳಿ ಮುಳುಗಿತು. ನಾರ್ಮಂಟನ್ ಚರ್ಚನ್ನು ಮಾತ್ರ ಕೆಳಭಾಗಕ್ಕೆ ಕಲ್ಲು ತುಂಬಿ, ಸುತ್ತ ಏರಿ ಕಟ್ಟಿ ಉಳಿಸಿಕೊಂಡರು. ನಾನು ಹಾಸನದ ಕಡೆಯವಳು. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೋಡಿ ಬೆಳೆದ ನನಗೆ ಆ ದಡದಿಂದ ಬೇಗ ಏಳಲಾಗಲಿಲ್ಲ.

ಆಸ್ಪ್ರೇ ಎಂಬ ಮೀನು ಹಿಡಿಯುವ ಗಿಡುಗವನ್ನು 1996ರಿಂದ ಸ್ಕಾಟ್ಲೆಂಡಿನಿಂದ ತಂದು ಇಲ್ಲಿ ಬಿಟ್ಟರು, 2001ರಲ್ಲಿ ಮರಿಯಾಯಿತು. ಬೇಸಿಗೆಯಲ್ಲಿ ಕಾಣಸಿಗುತ್ತವೆ.

ಇನ್ನು ಹೊಲದ ಕಾಲುದಾರಿ. ಇದನ್ನು ದಯವಿಟ್ಟು ಪೂರ್ತಿ ಓದಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ಚಿಲಕ ಬಿದ್ದಿತೇ ಎಂದು ಕೈಯಿಂದ ಎಳೆದು ನೋಡಿ. ತೆರೆದಿದ್ದರೆ ಹಾಗೇ ಬಿಡಿ, ಕುರಿಗಳು ನೀರಿಗೆ ಹೋಗುವ ದಾರಿಯಾಗಿರಬಹುದು. ಮೊದಲ ವರ್ಷ ನಾವು ಚಿಲಕ ನೋಡಲಿಲ್ಲ. ತಿರುಗುವಷ್ಟರಲ್ಲಿ ಏಳೆಂಟು ಕುರಿ ರಸ್ತೆಯಲ್ಲಿದ್ದವು. ರೈತ ಬೈಯಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತರು, ರಾಗಿ ಹೊಲಕ್ಕೆ ದನ ನುಗ್ಗಿದ ದಿನ ನಮ್ಮಪ್ಪ ನಿಂತ ಹಾಗೆಯೇ. ಆ ನಾಚಿಕೆ ಇನ್ನೂ ಹೋಗಿಲ್ಲ. ಹಸುವನ್ನು ಮುಟ್ಟಿ ನಮಸ್ಕರಿಸಲು ಹೋಗಬೇಡಿ, ಕರುವಿದ್ದರೆ ಹಾಯುತ್ತದೆ. ಮೇ ತಿಂಗಳ ಹಳದಿ ಹೊಲ ಎಣ್ಣೆಬೀಜದ ಬೆಳೆ. ಫೋಟೋಗೆಂದು ಒಳಗೆ ತುಳಿಯುವುದನ್ನು ನಮ್ಮವರೇ ಮಾಡುತ್ತಿದ್ದಾರೆ. ರೈತರ ಮಕ್ಕಳು ನಾವು, ಇದನ್ನು ಹೇಳಿಸಿಕೊಳ್ಳಬಾರದು.

ಜೊತೆಗಿರಲಿ: ಮಳೆ ಜಾಕೆಟ್, ಕೆಸರಿಗೆ ಬೂಟು, ಬುತ್ತಿ, ಕಸಕ್ಕೆ ಚೀಲ.

ಓಕಮ್ ಸಂತೆ: ಬುಧವಾರ, ಶನಿವಾರ. ರಟ್ಲೆಂಡಿನ ಇನ್ನೊಂದು ಊರಾದ ಅಪಿಂಗಮ್ ಸಂತೆ: ಶುಕ್ರವಾರ.