ಕೊಳ್ಳುವ ಮುನ್ನ, ಕೊಂಡ ಮೇಲೆ: ಆಡಿಯೋ ಅಂಗಡಿಗಳ ಸೇವೆಯನ್ನು ನಾನು ಅಳೆದ ಬಗೆ

ಹೈ-ಎಂಡ್ ಆಡಿಯೋ ಉಪಕರಣಗಳ ಅಂಗಡಿಯಲ್ಲಿ ಸಿಗುವ ನಗುಮುಖದ ಸ್ವಾಗತ, ಮೆತ್ತನೆಯ ಸೋಫಾ, ಮಂದ ಬೆಳಕು ಇವೆಲ್ಲ ಹಿತವಾಗಿಯೇ ಇರುತ್ತವೆ; ಆದರೆ ಅಲ್ಲಿನ ಸೇವೆಯನ್ನು ನಾನು ಇವುಗಳಿಂದ ಅಳೆಯುವುದಿಲ್ಲ. ಅಂಗಡಿಯವರು ನನ್ನ ಕೋಣೆಯ ಬಗ್ಗೆ ವಿಚಾರಿಸುತ್ತಾರೆಯೇ, ಎರಡು ಉಪಕರಣಗಳನ್ನು ಪಕ್ಷಪಾತವಿಲ್ಲದೆ ಹೋಲಿಸಿ ಕೇಳಲು ಬಿಡುತ್ತಾರೆಯೇ, ಹಣ ಕೊಟ್ಟಾದ ಮೇಲೂ ಫೋನ್ ಎತ್ತುತ್ತಾರೆಯೇ ಎಂಬುದನ್ನಷ್ಟೇ ನೋಡುತ್ತೇನೆ.

ಹೋಗುವ ಮೊದಲು ಫೋನ್ ಮಾಡಿ, ಜನಸಂದಣಿ ಇಲ್ಲದ ಹೊತ್ತನ್ನು ಗೊತ್ತುಮಾಡಿಕೊಳ್ಳುತ್ತೇನೆ. ಈಗಿರುವ ಆಂಪ್ಲಿಫೈಯರ್ ಯಾವುದು, ನನ್ನ ಬಜೆಟ್ಟಿನ ಮಿತಿ ಎಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಕೋಣೆಯ ಉದ್ದ, ಅಗಲ, ಎತ್ತರಗಳನ್ನೂ ಬಾಗಿಲು, ಕಿಟಕಿಗಳ ಜಾಗವನ್ನೂ ಗುರುತಿಸಿದ ಒಂದು ನಕ್ಷೆಯನ್ನು ಜೊತೆಗೆ ಒಯ್ಯುತ್ತೇನೆ. ಕೇಳಿ ಕೇಳಿ ಬಾಯಿಪಾಠವಾಗಿರುವ ಕೆಲವು ಧ್ವನಿಮುದ್ರಣಗಳೂ ನನ್ನ ಕೈಯಲ್ಲಿರುತ್ತವೆ: ಪಕ್ಕವಾದ್ಯವಿಲ್ಲದ ಕಂಠ, ಒಂಟಿ ಪಿಟೀಲು, ದಪ್ಪ ನಾದದ ತಾಳವಾದ್ಯ. ಅಂಗಡಿಯವರು ತಾವಾಗಿ ಹಾಕುವ ಹಾಡುಗಳು ಬಹುಪಾಲು ಯಾವ ಉಪಕರಣದಲ್ಲಾದರೂ ಸೊಗಸಾಗಿ ಕೇಳುವಂಥವೇ ಆಗಿರುವುದರಿಂದ, ಅವುಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಈಗ ನನ್ನ ಮನೆಯಲ್ಲಿರುವ ಸ್ಪೀಕರ್‌ಗಳನ್ನು ಮಾರಿದವರು ಯಾವ ಪೆಟ್ಟಿಗೆಯನ್ನೂ ಮುಟ್ಟುವ ಮೊದಲು ಆ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತರು. 'ನೀವು ಕೂರುವ ಕುರ್ಚಿಯ ಹಿಂದೆ ಗೋಡೆ ಎಷ್ಟು ದೂರ ಇದೆ? ನೆಲಕ್ಕೆ ಜಮಖಾನೆ ಹಾಸಿದ್ದೀರಾ? ರಾತ್ರಿ ಎಷ್ಟು ಜೋರಾಗಿ ಕೇಳುತ್ತೀರಿ?' ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಆಮೇಲೆ ಟೇಪು ಹಿಡಿದು, ತಮ್ಮ ಕೋಣೆಯ ನೆಲದ ಮೇಲೆ ನನ್ನ ಮನೆಯಲ್ಲಿರುವಷ್ಟೇ ಅಂತರಕ್ಕೆ ಅಂಟುಪಟ್ಟಿಯ ಗುರುತು ಹಾಕಿ, ಸ್ಪೀಕರ್‌ಗಳನ್ನು ಆ ಗುರುತಿಗೆ ಎಳೆದು ತಂದರು. ನನ್ನ ಕೋಣೆಯ ಉದ್ದ 4 ಮೀಟರ್. ಅಷ್ಟು ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 43 ಹರ್ಟ್ಸ್‌ನಲ್ಲಿ ಸ್ಥಿರ ಅಲೆ, ಅಂದರೆ ಗೋಡೆಗಳಿಗೆ ಬಡಿದು ಮರಳುವ ಸದ್ದು ಒಂದರ ಮೇಲೊಂದು ಕೂಡಿ ನಿಲ್ಲುವ ಅಲೆ, ಏಳುತ್ತದೆ. ಆ ಮಂದ್ರ ಸ್ವರವನ್ನು ದೊಡ್ಡ ಸ್ಪೀಕರ್ ಧಾರಾಳವಾಗಿ ನುಡಿಸಿದರೆ ಕೋಣೆಯೇ ಗುಮ್ಮೆನ್ನತೊಡಗಿ ಮಿಕ್ಕ ನಾದವೆಲ್ಲ ಮಸುಕಾಗುತ್ತದೆ. ಇದನ್ನು ವಿವರಿಸಿ, ನಾನು ನೋಡಬಂದಿದ್ದ ದೊಡ್ಡ ಮಾದರಿಯ ಬದಲು ಅದೇ ತಯಾರಕರ ಚಿಕ್ಕ ಮಾದರಿಯನ್ನು ಅವರು ಸೂಚಿಸಿದರು. ಅದರ ಬೆಲೆಯೂ ಕಡಿಮೆಯಿತ್ತು. ತಮ್ಮ ಲಾಭವನ್ನು ಬದಿಗಿಟ್ಟು ಹೇಳಿದ ಆ ಮಾತಿನಿಂದಲೇ ಅವರ ಮೇಲೆ ನನಗೆ ನಂಬಿಕೆ ಕುದುರಿತು. ಬಳಿಕ ರಿಮೋಟನ್ನು ನನ್ನ ಕೈಗಿತ್ತು, ಬೇಕಾದಾಗ ಕರೆಯುವಂತೆ ಹೇಳಿ ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಪಕ್ಕದಲ್ಲಿ ನಿಂತು 'ಈ ಜಾಗ ಕೇಳಿದಿರಾ, ಎಷ್ಟು ಸ್ಪಷ್ಟವಾಗಿದೆ' ಎಂದು ಹೇಳುವವರಿದ್ದರೆ ನಮ್ಮ ಕಿವಿ ನಮ್ಮದಾಗಿ ಉಳಿಯುವುದಿಲ್ಲ.

ಆಂಪ್ಲಿಫೈಯರ್ ಹುಡುಕುವಾಗ ಇನ್ನೊಂದು ಅಂಗಡಿಯಲ್ಲಿ ಆದದ್ದು ಬೇರೆ. ಅಲ್ಲಿ ಎರಡು ಆಂಪ್ಲಿಫೈಯರ್‌ಗಳನ್ನು ಒಂದೇ ಜೋಡಿ ಸ್ಪೀಕರ್‌ಗೆ ಬದಲಿಸಿ ಬದಲಿಸಿ ಕೇಳಿಸಿದರು. ದುಬಾರಿಯದು ನಿಜಕ್ಕೂ ಹೆಚ್ಚು ಜೀವಂತವಾಗಿ ಕೇಳಿಸಿತು. ನಾನು ಅವರ ಒಪ್ಪಿಗೆ ಪಡೆದು, 1 ಕಿಲೋಹರ್ಟ್ಸ್‌ನ ಒಂದೇ ಸ್ವರವನ್ನು ನುಡಿಸಿ, ಸ್ಪೀಕರ್‌ನ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿದೆ. ಮೊದಲನೆಯದರಲ್ಲಿ 2 ವೋಲ್ಟ್ ಇದ್ದರೆ, ದುಬಾರಿಯದರಲ್ಲಿ 2.4 ವೋಲ್ಟ್ ಇತ್ತು. ಎಂದರೆ ಅದು ಒಂದೂವರೆ ಡೆಸಿಬೆಲ್‌ಗೂ ತುಸು ಹೆಚ್ಚು ಜೋರಾಗಿ ನುಡಿಯುತ್ತಿತ್ತು. ಇಷ್ಟು ಸಣ್ಣ ಏರಿಕೆಯನ್ನು ನಮ್ಮ ಕಿವಿ 'ಜೋರು' ಎಂದು ಗುರುತಿಸದೆ 'ಚೆನ್ನಾಗಿದೆ' ಎಂದು ಗ್ರಹಿಸಿಬಿಡುವುದೇ ತೊಡಕು. ಎರಡರ ವೋಲ್ಟೇಜನ್ನೂ 1.98ರಿಂದ 2.02ರ ಒಳಗೆ ತಂದುಕೊಂಡು ಮತ್ತೆ ಕೇಳಿದಾಗ ನನಗೆ ವ್ಯತ್ಯಾಸ ಹಿಡಿಯಲು ಆಗಲಿಲ್ಲ. ಅಂಗಡಿಯವರು ಬೇಕೆಂದೇ ಹಾಗೆ ಮಾಡಿದ್ದರೆಂದು ನಾನು ಹೇಳುವುದಿಲ್ಲ. ವಾಲ್ಯೂಮ್ ಗುಂಡಿಯನ್ನು ಒಂದೇ ಗುರುತಿಗೆ ತಿರುಗಿಸಿದರೂ ಎರಡು ಆಂಪ್ಲಿಫೈಯರ್‌ಗಳು ಒಂದೇ ಮಟ್ಟದಲ್ಲಿ ನುಡಿಯಬೇಕೆಂದಿಲ್ಲ. ಆದರೆ ಈ ಅಳತೆಯ ನಂತರ ಅವರ ಮಾತಿನ ಧಾಟಿಯೇ ಬದಲಾಯಿತು, ಮೀಟರ್ ಹಿಡಿದು ಬರುವವರಿಗೆ ಸಂಗೀತ ಕೇಳಲು ಬರುವುದಿಲ್ಲ ಎಂದರು. ಸಂಗೀತದ ಮೇಲಿನ ಪ್ರೀತಿಯಿಂದಲೇ ಇಷ್ಟು ಹಣ ಖರ್ಚು ಮಾಡಲು ಹೊರಟವರಿಗೆ ಆಡಬಾರದ ಮಾತದು. ನಾನು ಧನ್ಯವಾದ ಹೇಳಿ ಹೊರಬಂದೆ.

ಕೇಬಲ್‌ಗಳ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಉದ್ದಕ್ಕೆ ತಕ್ಕ ದಪ್ಪದ ತಾಮ್ರದ ತಂತಿ, ಗಟ್ಟಿಯಾದ ಕನೆಕ್ಟರ್ ಇದ್ದರೆ ಸಾಕು ಎನ್ನುತ್ತೇನೆ. ಅದನ್ನು ಕೇಳಿಯೂ ಮುಖ ಗಂಟಿಕ್ಕದವರು ಒಳ್ಳೆಯ ವ್ಯಾಪಾರಿಗಳು. ಬಿಲ್ಲಿನಲ್ಲಿ ಉಪಕರಣದ ಸೀರಿಯಲ್ ನಂಬರ್, ವಾಪಸು ತೆಗೆದುಕೊಳ್ಳುವ ಗಡುವು, ದುರಸ್ತಿಗೆ ಸಾಗಿಸುವ ಖರ್ಚು ಯಾರದು ಎಂಬುದನ್ನು ಮಾತ್ರ ಬರೆಸಿಕೊಳ್ಳದೆ ಏಳುವುದಿಲ್ಲ.

ಸ್ಪೀಕರ್‌ಗಳು ಮನೆಗೆ ಬಂದು ಕೆಲವು ತಿಂಗಳಾದ ಮೇಲೆ ಸಣ್ಣಗೆ ಗುಂಯ್‌ಗುಡುವ ಸದ್ದು ಶುರುವಾಯಿತು. ಮಾರಿದವರಿಗೆ ಫೋನ್ ಮಾಡಿದಾಗ ಅವರು ಆಂಪ್ಲಿಫೈಯರ್ ಹೊತ್ತು ತರಲು ಹೇಳಲಿಲ್ಲ. ಫೋನನ್ನು ಕಿವಿಗೆ ಹಿಡಿದೇ ಇರುವಂತೆ ಹೇಳಿ, ಪ್ರತಿ ಸಲವೂ ವಾಲ್ಯೂಮ್ ಇಳಿಸಿ ಆಂಪ್ಲಿಫೈಯರ್ ಆರಿಸಿದ ನಂತರ, ಅದಕ್ಕೆ ಜೋಡಿಸಿದ್ದ ಉಪಕರಣಗಳನ್ನು ಒಂದೊಂದಾಗಿ ಬಿಚ್ಚಿಸಿದರು. ಸಿಡಿ ಪ್ಲೇಯರ್ ತೆಗೆದರೂ ಸದ್ದು ನಿಲ್ಲಲಿಲ್ಲ. ಟಿವಿಗೆ ಹೊರಗಿನಿಂದ ಬರುವ ಕೇಬಲ್ ಕಿತ್ತ ಮೇಲೆ ನಿಂತಿತು. ಎರಡು ಕಡೆಯಿಂದ ಅರ್ಥಿಂಗ್ ಸಿಕ್ಕಿ ಸುತ್ತು ಏರ್ಪಟ್ಟಿದೆ, ಆ ಕೇಬಲ್‌ಗೆ ಸುತ್ತನ್ನು ಕಡಿಯುವ ಒಂದು ಐಸೋಲೇಟರ್ ಹಾಕಿದರೆ ಸಾಕು ಎಂದು ತಿಳಿಸಿದರು. ಅದು ಅವರ ಅಂಗಡಿಯಲ್ಲಿ ಮಾರುವ ವಸ್ತುವೂ ಆಗಿರಲಿಲ್ಲ.

ಮುಂದೆ ಗ್ರಾಮಫೋನ್ ತಟ್ಟೆ ನುಡಿಸುವ ಟರ್ನ್‌ಟೇಬಲ್ ಬೇಕಾದಾಗ ನಾನು ಅವರಲ್ಲಿಗೇ ಹೋದೆ. ಅವರು ಮನೆಗೇ ಬಂದು, ಸಮತಟ್ಟು ನೋಡಿ, ಸೂಜಿ ತಟ್ಟೆಯನ್ನು ಒತ್ತುವ ಭಾರವನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಕಾರ್ಟ್ರಿಜ್ (ಸೂಜಿಯನ್ನು ಹಿಡಿದಿರುವ ಭಾಗ) ತಯಾರಕರು ಹೇಳಿದ ಮಿತಿಯೊಳಗೆ ತಂದು, ಆ ಅಂಕಿಯನ್ನೂ ತಾರೀಖನ್ನೂ ಕೈಪಿಡಿಯ ಕೊನೆಯ ಪುಟದಲ್ಲಿ ಬರೆದುಕೊಟ್ಟು ಹೋದರು.