ವಾಕಿಂಗ್ ಮಾಡಿದರೂ ಶುಗರ್ ಇಳಿಯುತ್ತಿಲ್ಲವೇ? ಹೀಗೆ ನಡೆಯಿರಿ

ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಅರ್ಧ ಗಂಟೆ ನಿಂತು ನೋಡಿ. ನಾಲ್ಕು ಜನ ದಾರಿ ತುಂಬ ಹರಡಿಕೊಂಡು, ಸೈಟಿನ ರೇಟು, ಅಮೆರಿಕದಲ್ಲಿರುವ ಮಗನ ಕೆಲಸ ಅಂತ ಮಾತಾಡುತ್ತಾ ಹೋಗುತ್ತಿರುತ್ತಾರೆ. ಒಂದು ಸುತ್ತು ಮುಗಿದರೂ ಅಂಗಿ ಒದ್ದೆಯಾಗಿರುವುದಿಲ್ಲ. ಅಲ್ಲಿಂದ ನೇರ ಹೋಟೆಲಿಗೆ, ಇಡ್ಲಿ ವಡೆಗೆ. 'ದಿನಾ ವಾಕ್ ಮಾಡ್ತೀನಿ, ಶುಗರ್ ಮಾತ್ರ ಇಳೀತಿಲ್ಲ' ಅನ್ನುವ ದೂರು ಬೇರೆ!

ಮೊದಲು ಶೂ. ಹೆಬ್ಬೆರಳಿನ ಮುಂದೆ ಸ್ವಲ್ಪ ಜಾಗ ಇರಬೇಕು, ಹಿಮ್ಮಡಿ ಜಾರಬಾರದು, ಅಷ್ಟೇ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ತುಸು ಊದಿಕೊಂಡಿರುತ್ತದೆ. ಹೊಟ್ಟೆಗೆ ಸುತ್ತುವ ಬೆವರಿನ ಬೆಲ್ಟಿಗೆ ದುಡ್ಡು ದಂಡ ಮಾಡಬೇಡಿ. ಅದರಿಂದ ಹೋಗುವುದು ನೀರು, ಕೊಬ್ಬಲ್ಲ. ಕಾಲಿಗೆ ಕಟ್ಟುವ ತೂಕದ ಚೀಲವೂ ಬೇಡ, ಮಂಡಿಗೆ ಸುಮ್ನೆ ಶಿಕ್ಷೆ. ಪಾರ್ಕಿನ ಬೆಣಚುಕಲ್ಲಿನ ದಾರಿಯಲ್ಲಿ ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಲೇಬಾರದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ಗೊತ್ತಾಗುವುದಿಲ್ಲ.

ಶುರುವಿನ ಐದು ನಿಮಿಷ ನಿಧಾನ.

ಆಮೇಲೆ ವೇಗ. ಎಲ್ಲರೂ ಎಡವುವುದು ಇಲ್ಲೇ. ಬೇಗ ನಡೆಯಿರಿ ಅಂದರೆ ಉದ್ದುದ್ದ ಹೆಜ್ಜೆ ಹಾಕುತ್ತಾರೆ. ಕಾಲು ತೀರಾ ಮುಂದೆ ಹೋಗಿ ಬಿದ್ದಾಗ ಹಿಮ್ಮಡಿ ಬ್ರೇಕ್ ಹಾಕಿದಂತಾಗುತ್ತದೆ. ವೇಗವೂ ಬರುವುದಿಲ್ಲ, ಮಂಡಿಗೂ ಪೆಟ್ಟು. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಮೊದಲು ಹಿಮ್ಮಡಿ ಊರಿ, ಪಾದವನ್ನು ಉರುಳಿಸಿ, ಕೊನೆಗೆ ಬೆರಳಿನಿಂದ ನೆಲವನ್ನು ಹಿಂದಕ್ಕೆ ತಳ್ಳಿ. ಮೊಣಕೈ ಮಡಚಿ ತೋಳು ಬೀಸಿ. ತೋಳಿನ ವೇಗ ಏರಿಸಿದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ. ಮೊಬೈಲ್ ಹಿಡಿದ ಕೈ ಬೀಸುವುದಿಲ್ಲ, ಹಾಗಾಗಿ ಅದು ಜೇಬಿನಲ್ಲಿರಲಿ.

ವೇಗ ಸರಿಯಿದೆಯಾ ಅಂತ ತಿಳಿಯಲು 15 ಸೆಕೆಂಡು ಹೆಜ್ಜೆ ಎಣಿಸಿ. 25 ಬಂದರೆ ನಿಮಿಷಕ್ಕೆ 100 ಆಯಿತು, ಹೆಚ್ಚಿನವರಿಗೆ ಅದು ಮಧ್ಯಮ ವೇಗ. ಎಣಿಕೆ ಬೇಡವೆಂದರೆ ಉಸಿರು ನೋಡಿ. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರು ವಾಚು ತೋರಿಸುವ ನಾಡಿಬಡಿತ ನಂಬಬೇಡಿ. ಆ ಮಾತ್ರೆ ಬಡಿತವನ್ನೇ ತಗ್ಗಿಸುತ್ತದೆ.

ಇದೇ ವೇಗದಲ್ಲಿ ಅರ್ಧ ಗಂಟೆ ಆಗುವುದಿಲ್ಲವೇ? ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದವರ ಕ್ರಮ ಹಿಡಿಯಿರಿ. ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ. ವಾರಕ್ಕೆ ನಾಲ್ಕು ದಿನ.

ಎಷ್ಟು ನಡೆಯಬೇಕು? ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತುಂಡು ತುಂಡಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಹತ್ತು ಸಾವಿರ ಹೆಜ್ಜೆಯ ಹಟ ಬಿಡಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಸಂಖ್ಯೆ ಅದು, ವೈದ್ಯರು ಬರೆದುಕೊಟ್ಟದ್ದಲ್ಲ.

ಬೆಳಗಿನ ನಡಿಗೆಗಿಂತ ನನಗೆ ಮೆಚ್ಚು ಊಟವಾದ ಮೇಲಿನ ನಡಿಗೆ. ಶುಗರ್ ಇರುವವರು ರಾತ್ರಿ ಮುದ್ದೆಯೋ ಅನ್ನವೋ ಉಂಡು ಟೀವಿ ಮುಂದೆ ಕೂರಬೇಡಿ. ಹದಿನೈದು ನಿಮಿಷ ಬೀದಿಯಲ್ಲಿ ಓಡಾಡಿ ಬನ್ನಿ. ಕೆಲಸ ಮಾಡುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಅದಕ್ಕೆ ಇನ್ಸುಲಿನ್ ಜಾಸ್ತಿ ಬೇಕಾಗುವುದಿಲ್ಲ. ಊಟದ ನಂತರದ ಏರಿಕೆ ತಗ್ಗುತ್ತದೆ. ಬಿಪಿ, ನಿದ್ದೆ, ಮೂಳೆಗೂ ಒಳ್ಳೆಯದು. ಮಂಡಿ ಸವೆತ ಇರುವವರೂ ಸಮತಟ್ಟು ನೆಲದಲ್ಲಿ ನಡೆಯಬಹುದು, ನಡೆದರೆ ಬಿಗಿತ ಕಡಿಮೆಯಾಗುತ್ತದೆ.

ಇನ್ಸುಲಿನ್ ಚುಚ್ಚಿಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಕೈ ನಡುಗಿ ತಣ್ಣನೆ ಬೆವರು ಬಂದರೆ ಶುಗರ್ ತೀರಾ ಇಳಿದಿರಬಹುದು, ತಕ್ಷಣ ಬಾಯಿಗೆ ಹಾಕಿಕೊಳ್ಳಿ. ಎದೆ ಬಿಗಿದು ನೋವು ತೋಳಿಗೋ ದವಡೆಗೋ ಹರಿದರೆ ಗ್ಯಾಸ್ ಅಂತ ಸೋಡಾ ಹುಡುಕಬೇಡಿ. ಅಲ್ಲೇ ಕುಳಿತು 108ಕ್ಕೆ ಫೋನ್ ಮಾಡಿಸಿ.