ನಂಪೈ: ಭಾಗಲಬ್ಧ, ಶೇಷ ಎರಡೂ ಒಂದೇ ಸಲಕ್ಕೆ

ಕಲಬುರಗಿ ಗಂಜ್‌ನ ತೊಗರಿ ತೂಕದ ಲೆಕ್ಕ ನಂಪೈನ್ಯಾಗ (ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ, ಕೋಡ್‌ನ್ಯಾಗ ಚಿಕ್ಕದಾಗಿ ಎನ್‌ಪಿ) ಬರೆಯೋರು ನೋಡ್ರಿ. [1275, 640, 98] ಕಿಲೋ ಇರೋ ಅರೇನ (ಸಂಖ್ಯೆಗಳ ಸಾಲು) 50ರ ಚೀಲಕ್ಕ ಹಂಚಲಿಕ್ಕ ಒಂದೊಂದೇ ಸಂಖ್ಯೆ ಹಿಡಿದು ಮಾಡೋ ಲೂಪ್ ಬ್ಯಾಡ, ಎನ್‌ಪಿ.ಡಿವ್‌ಮಾಡ್ (ಭಾಗಲಬ್ಧ, ಶೇಷ ಎರಡೂ ಕೊಡೋ ಫಂಕ್ಷನ್) ಸಾಕು. ಚೀಲ [25, 12, 1], ಉಳಿಕೆ [25, 40, 48] ಜೋಡಿಯಾಗಿ ಬರ್ತಾವ.

ಋಣಸಂಖ್ಯೆ ಇದ್ರ ಹುಷಾರ್. -7ನ್ನ 3ರಿಂದ ಭಾಗಿಸಿದ್ರ ಭಾಗಲಬ್ಧ -3, ಶೇಷ 2. ಯಾಕಂದ್ರ ಅದು ಕೆಳಗಿನ ಪೂರ್ಣಾಂಕಕ್ಕ ಇಳಿಸ್ತದ. ಸಿ ಭಾಷೆಯಂಗ ಶೇಷ -1 ಬೇಕಂದ್ರ ಎಫ್‌ಮಾಡ್ ಬಳಸ್ರಿ.

ದಶಾಂಶದ್ದು ಇನ್ನೂ ಮೋಸ. 1.0ನ್ನ 0.1ರಿಂದ ಭಾಗಿಸಿದ್ರ ಭಾಗಲಬ್ಧ 10 ಅಲ್ಲ, 9! 0.1ರ ಬೈನರಿ ರೂಪ ಕೂದಲೆಳೆಯಷ್ಟು ದೊಡ್ಡದಿರ್ತದ, ಅದಕ್ಕ. ಕಿಲೋನ 1000ದಿಂದ ಗುಣಿಸಿ, ಎನ್‌ಪಿ.ರಿಂಟ್ ಹಾಕಿ ಹತ್ತಿರದ ಪೂರ್ಣಾಂಕಕ್ಕ ತಂದು, ಇಂಟ್64 ಅನ್ನೋ ಪೂರ್ಣಾಂಕ ರೂಪದಾಗ ಗ್ರಾಂ ಮಾಡ್ಕೊಂಡೇ ಭಾಗಿಸ್ರಿ. ಭಾಜಕ ಸೊನ್ನೆ ಆದ್ರ ಪೂರ್ಣಾಂಕದ ಅರೇದಾಗ ಬರೇ ಎಚ್ಚರಿಕೆ ಕೊಟ್ಟು 0 ತುಂಬ್ತದ. ಮೊದಲೇ ಸೋಸಿ ತೆಗೀರಿ.